ಅಂಗವಿಕಲ ವಿದ್ಯಾರ್ಥಿಯ ನಿತ್ಯದ ಆರೈಕೆ

(ಸಂಘದ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಕಟ್ಟೆಯ ಮೇಲೆ ಪಂಡಿತರೂ ಪ್ರಾಧ್ಯಾಪಕರೂ ನಿಂತು ಮಾತನಾಡುವುದು ವಾಡಿಕೆ. ನಾವಾದರೋ ಮೆಟ್ರಿಕ್ ಮುಗಿಸಿ ಗಿರಣಿಯ ಕಚೇರಿ ಸೇರಿದವರು. ಹಗಲು ಹಾಜರಿ ಪುಸ್ತಕ, ಸಂಜೆ ಈ ವಾಚನಾಲಯದ ಕಪಾಟು, ಇಷ್ಟೇ ನಮ್ಮ ಪ್ರಪಂಚ. "ದಿನವೂ ಆ ಹುಡುಗರ ಜೊತೆ ಓಡಾಡುವವರು ನೀವು, ನೀವೇ ಹೇಳಿ" ಎಂದು ಕಾರ್ಯದರ್ಶಿಗಳು ಒತ್ತಾಯ ಮಾಡಿದ್ದರಿಂದ ನಿಂತಿದ್ದೇವೆ. ಮಾತಿನಲ್ಲಿ ಸೊಗಸು ಕಡಿಮೆಯಾದರೆ ಹಿರಿಯರು ಮನ್ನಿಸಬೇಕು.

ವಿಷಯ ಇಷ್ಟು. ಕೈಕಾಲು ಸ್ವಾಧೀನದಲ್ಲಿಲ್ಲದ ಒಬ್ಬ ಹುಡುಗನೋ ಹುಡುಗಿಯೋ ಕಾಲೇಜು ಓದಬೇಕಾದರೆ ಅವರ ಸ್ನಾನ, ಶೌಚ, ಉಡಿಗೆತೊಡಿಗೆ, ಊಟ, ಓಡಾಟ ಇವುಗಳ ವ್ಯವಸ್ಥೆ ಹೇಗೆ ಆಗಬೇಕು? ಸಭೆಯಲ್ಲಿ ಆಡಲು ಸಂಕೋಚಪಡುವ ಮಾತು ಇದು. ಆದರೆ ಸಂಕೋಚಪಟ್ಟು ಸುಮ್ಮನಿದ್ದುದರಿಂದಲೇ ಎಷ್ಟೋ ಮಕ್ಕಳ ಓದು ನಡುದಾರಿಯಲ್ಲಿ ನಿಂತಿದೆ. ಶುಲ್ಕದ ಮಾತು, ಪುಸ್ತಕದ ಮಾತು ನಾವೆಲ್ಲರೂ ಆಡುತ್ತೇವೆ. ಮಧ್ಯಾಹ್ನ ಒಂದು ಗಂಟೆಗೆ ಆ ಮಗುವನ್ನು ಮೂತ್ರಕ್ಕೆ ಕರೆದುಕೊಂಡು ಹೋಗುವವರು ಯಾರು ಎಂಬ ಮಾತನ್ನು ಯಾರೂ ಆಡುವುದಿಲ್ಲ.

ನಮ್ಮ ವಾಚನಾಲಯಕ್ಕೆ ಬರುತ್ತಿದ್ದ ಒಬ್ಬ ಹುಡುಗನ ಸಂಗತಿ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಹೆಸರು ಬೇಡ. ಸ್ನಾಯುಗಳು ಕ್ರಮೇಣ ಕ್ಷೀಣವಾಗುವ ರೋಗ. ಬುದ್ಧಿ ಚುರುಕು, ಲೆಕ್ಕದಲ್ಲಿ ನಮ್ಮಂಥ ಗುಮಾಸ್ತರಿಗೇ ಪಾಠ ಹೇಳುವಷ್ಟು. ಒಂದು ಕಾಲೇಜಿನವರು, "ತಾಯಿ ದಿನವಿಡೀ ಹೊರಗೆ ಕುಳಿತಿರುವುದಾದರೆ ಸೇರಿಸಿಕೊಳ್ಳುತ್ತೇವೆ" ಎಂದರು. ಆ ತಾಯಿ ಒಂದೂವರೆ ವರ್ಷ ಪಡಸಾಲೆಯ ಬೆಂಚಿನ ಮೇಲೆ ಕುಳಿತರು. ಬೆಳಗ್ಗೆ ಚಾಳಿನ ಎರಡನೆಯ ಮಾಳಿಗೆಯಿಂದ ಮಗನನ್ನು ಇಳಿಸುವುದು, ಸಂಜೆ ಹತ್ತಿಸುವುದು, ನಡುವೆ ಆರು ಗಂಟೆ ಬೆಂಚು. ಒಂದು ದಿನ ಆಕೆಯ ಬೆನ್ನು ಹಿಡಿದುಕೊಂಡಿತು. ವೈದ್ಯರು ಆರು ವಾರ ಮಲಗಿರಬೇಕೆಂದರು. ಆರು ವಾರ ಮಗನೂ ಮನೆಯಲ್ಲೇ ಉಳಿದ. ಹಾಜರಿ ಸಾಲದೆ ಪರೀಕ್ಷೆಗೆ ಕೂಡಿಸಲಿಲ್ಲ. ಆ ವರ್ಷ ಹೋಯಿತು. ಮರುವರ್ಷ ಅವನು ಮತ್ತೆ ಸೇರುವ ಮನಸ್ಸು ಮಾಡಲಿಲ್ಲ. ಒಬ್ಬ ತಾಯಿಯ ಬೆನ್ನು ನೊಂದದ್ದಕ್ಕೆ ಒಬ್ಬ ವಿದ್ಯಾರ್ಥಿಯ ಓದು ಮುಗಿಯಿತು.

ನಾವು ಗಿರಣಿಯವರು, ನಮಗೆ ಹೊಳೆಯುವ ಹೋಲಿಕೆಯೂ ಗಿರಣಿಯದೇ. ಗಿರಣಿಯಲ್ಲಿ ಯಾವ ಯಂತ್ರವೂ ಒಬ್ಬನೇ ಆಳನ್ನು ನಂಬಿ ನಡೆಯುವುದಿಲ್ಲ. ಕಾಯಂ ಕೆಲಸಗಾರ ಬಾರದಿದ್ದರೆ ಬದಲಿಯವನು ಬರುತ್ತಾನೆ. ಬದಲಿಯವರ ಪಟ್ಟಿ ಕಚೇರಿಯಲ್ಲಿ ಮೊದಲೇ ಸಿದ್ಧವಿರುತ್ತದೆ. ಬೆಳಗಿನ ಪಾಳಿಯ ಸಿಳ್ಳು ಕೂಗಿದ ಮೇಲೆ ಬದಲಿಯನ್ನು ಹುಡುಕಲು ಹೊರಡುವ ಗುಮಾಸ್ತನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನೂಲಿಗೆ ತೋರಿಸುವ ಈ ಮುಂದಾಲೋಚನೆಯನ್ನು ನಮ್ಮ ಮಕ್ಕಳ ಓದಿಗೆ ತೋರಿಸಬೇಕು ಎಂಬುದೇ ಇಂದಿನ ನಮ್ಮ ಮಾತಿನ ಸಾರ.

ಹೀಗೆ ಮಾಡಿ ತೋರಿಸಿದವರು ಉಂಟೇ ಎಂದು ಕೇಳಬಹುದು. ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ರಾಬರ್ಟ್ಸ್ ಎಂಬ ಹುಡುಗನಿಗೆ 1953ರಲ್ಲಿ, 14ನೆಯ ವಯಸ್ಸಿನಲ್ಲಿ, ಪೋಲಿಯೋ ತಗಲಿತು. ಸಾಲ್ಕ್ ಅವರ ಲಸಿಕೆ ಬರಲು ಇನ್ನೂ ಎರಡು ವರ್ಷವಿತ್ತು. ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಎಲ್ಲವೂ ಸ್ತಬ್ಧವಾಯಿತು. ಒಂದೆರಡು ಬೆರಳು ಮಾತ್ರ ಆಡುತ್ತಿದ್ದವು. ರಾತ್ರಿ ಉಸಿರಾಡಲು ಉಕ್ಕಿನ ದೊಡ್ಡ ಪೀಪಾಯಿಯಂಥ ಯಂತ್ರದೊಳಗೆ ಮಲಗಬೇಕು. ತಲೆ ಮಾತ್ರ ಹೊರಗೆ. ಒಳಗಿನ ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ ಯಂತ್ರವೇ ಎದೆಯನ್ನು ಆಡಿಸುತ್ತದೆ. ಇದಕ್ಕೆ ಉಕ್ಕಿನ ಶ್ವಾಸಕೋಶವೆಂದು ಹೆಸರು. ತೂಕ ಸುಮಾರು 360 ಕಿಲೋ. ಹಗಲು ಹೊರಗಿರುವಾಗ ಆತ ಗುಟುಕು ಗುಟುಕಾಗಿ ಗಾಳಿಯನ್ನು ನುಂಗಿ ಉಸಿರಾಡುವುದನ್ನು ಕಲಿತ.

ಪ್ರೌಢಶಾಲೆಯ ಪಾಠವನ್ನು ಮನೆಯಿಂದಲೇ ದೂರವಾಣಿಯ ಮೂಲಕ ಕೇಳಿದ. ವ್ಯಾಯಾಮದ ಪಾಠವನ್ನೂ ಮೋಟಾರು ನಡೆಸುವ ಪಾಠವನ್ನೂ ಮುಗಿಸಿಲ್ಲವಾದ್ದರಿಂದ ಪ್ರಮಾಣಪತ್ರ ಕೊಡಲಾಗದು ಎಂದು ಶಾಲೆಯವರು ತಕರಾರು ತೆಗೆದರು! ತಾಯಿ ಝೋನಾ ರಾಬರ್ಟ್ಸ್ ಹೋರಾಡಿ ಕೊಡಿಸಿದರು. ಮುಂದೆ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಾಗ, ರಾಜ್ಯದ ಪುನರ್ವಸತಿ ಇಲಾಖೆ ಈತ ಎಂದೂ ಕೆಲಸಕ್ಕೆ ಬರುವವನಲ್ಲವೆಂದು ಧನಸಹಾಯವನ್ನು ನಿರಾಕರಿಸಿತು. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಒಪ್ಪಿತು. ಆ ಭಾರೀ ಯಂತ್ರ ಯಾವ ವಿದ್ಯಾರ್ಥಿನಿಲಯದಲ್ಲೂ ಹಿಡಿಸುವಂತಿರಲಿಲ್ಲ. ವಿಶ್ವವಿದ್ಯಾಲಯದ ಆರೋಗ್ಯಾಧಿಕಾರಿ ಹೆನ್ರಿ ಬ್ರುಯಿನ್ ಎಂಬ ವೈದ್ಯರು, ಆವರಣದೊಳಗಿನ ಕೊವೆಲ್ ಆಸ್ಪತ್ರೆಯ ಖಾಲಿ ಭಾಗದಲ್ಲಿ ಇರಲಿ ಎಂದರು. ರಾಬರ್ಟ್ಸ್ ಒಂದು ಷರತ್ತಿನ ಮೇಲೆ ಒಪ್ಪಿದ: ಅದನ್ನು ವಿದ್ಯಾರ್ಥಿನಿಲಯವೆಂದು ಕಾಣಬೇಕು, ತನ್ನನ್ನು ರೋಗಿಯೆಂದು ಕಾಣಕೂಡದು. ಇದು 1962ರ ಮಾತು.

ಮರುವರ್ಷ ಜಾನ್ ಹೆಸ್ಲರ್ ಎಂಬಾತ ಬಂದ. ಆಮೇಲೆ ಒಬ್ಬೊಬ್ಬರಾಗಿ ಬಂದು ದಶಕದ ಕೊನೆಗೆ ಹತ್ತುಹನ್ನೆರಡು ಜನರಾದರು. ತಮ್ಮ ಗುಂಪಿಗೆ ಹಾಸ್ಯದಿಂದ 'ರೋಲಿಂಗ್ ಕ್ವಾಡ್ಸ್' ಎಂದು ಹೆಸರಿಟ್ಟುಕೊಂಡರು. ಗಾಲಿಯ ಮೇಲೆ ಉರುಳುವವರು ಎಂಬ ಭಾವ. ಇವರಿಂದ ನಾವು ಕಲಿಯಬೇಕಾದದ್ದು ಇಲ್ಲಿದೆ. ಸಹಾಯಕನನ್ನು ಆರಿಸುವವರು ತಾವೇ, ಕೆಲಸ ಕಲಿಸುವವರು ತಾವೇ, ಸರಿಬೀಳದಿದ್ದರೆ ಬಿಡಿಸುವವರೂ ತಾವೇ. ಯಾವ ಹೊತ್ತಿಗೆ ಏಳಬೇಕು, ಯಾವ ಅಂಗಿ ತೊಡಬೇಕು ಎಂಬುದನ್ನು ದಾದಿ ಹೇಳುವುದಿಲ್ಲ, ವಿದ್ಯಾರ್ಥಿ ಹೇಳುತ್ತಾನೆ. ಓದಿನಲ್ಲಿ ಹಿಂದೆ ಬಿದ್ದರೆಂದು ಇಬ್ಬರನ್ನು ಹೊರಹಾಕಲು ಇಲಾಖೆಯವರು ಹೊರಟಾಗ ಎಲ್ಲರೂ ಒಟ್ಟಾಗಿ ನಿಂತು ತಡೆದರು. 1970ರಲ್ಲಿ ವಿಶ್ವವಿದ್ಯಾಲಯದಲ್ಲೇ ಅಂಗವಿಕಲ ವಿದ್ಯಾರ್ಥಿಗಳ ಕಾರ್ಯಾಲಯವೊಂದನ್ನು ತಾವೇ ನಡೆಸತೊಡಗಿದರು. ಸಹಾಯಕರನ್ನು ಗೊತ್ತುಮಾಡಿಕೊಡುವುದು, ಗಾಲಿಕುರ್ಚಿ ಕೆಟ್ಟರೆ ದುರಸ್ತಿ ಮಾಡಿಕೊಡುವುದು ಅದರ ಮುಖ್ಯ ಕೆಲಸ. 1972ರಲ್ಲಿ ಅದೇ ಮಾದರಿಯ ಸ್ವತಂತ್ರ ಜೀವನ ಕೇಂದ್ರವನ್ನು ಊರಿನವರಿಗಾಗಿಯೂ ತೆರೆದರು. 1975ರಲ್ಲಿ ರಾಜ್ಯಪಾಲರು ಎಡ್ ರಾಬರ್ಟ್ಸ್ ಅವರನ್ನು ಪುನರ್ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿದರು. ಎಂದೂ ಕೆಲಸಕ್ಕೆ ಬಾರದವನೆಂದು ಬರೆದ ಇಲಾಖೆಯೇ ಅದು! ಅವರು 1995ರಲ್ಲಿ ತೀರಿಕೊಂಡರು.

ಅದು ಅಮೆರಿಕ, ದುಡ್ಡಿನ ದೇಶ ಎಂದು ಕೆಲವರು ಹೇಳಿಯಾರು. ನಮ್ಮ ದೇಶದಲ್ಲಿ ಮಿಥು ಆಲೂರ್ ಅವರು ಮೆದುಳಿನ ಪಾರ್ಶ್ವವಾಯುವಿನ ಮಕ್ಕಳಿಗಾಗಿ ಮುಂಬಯಿಯಲ್ಲಿ 1972ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಅವರ ಮಗಳು ಮಾಲಿನಿ ಚಿಬ್ ಅದೇ ತೊಂದರೆಯವರು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ ಲಂಡನ್ನಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಒಂದೇ ಬೆರಳಿನಿಂದ ಬೆರಳಚ್ಚು ಮಾಡಿ ಆತ್ಮಕಥೆ ಬರೆದರು. ಪೋಲಿಯೋ ಈಗ ನಮ್ಮ ದೇಶದಿಂದ ಹೋಗಿದೆ. 2014ರಲ್ಲಿ ಅದು ಅಧಿಕೃತವಾಗಿ ಘೋಷಣೆಯಾಯಿತು. ಆದರೆ ಮೆದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ರೈಲು ರಸ್ತೆಗಳ ಅಪಘಾತದಲ್ಲಿ ಬೆನ್ನುಹುರಿಗೆ ಬಿದ್ದ ಪೆಟ್ಟು, ಇವು ಇದ್ದೇ ಇವೆ. ಆದುದರಿಂದ ಈ ಮಾತು ಹಳತಾಗಿಲ್ಲ.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲು ಒಂದು ಹಾಳೆ ತೆಗೆದುಕೊಂಡು ಇಪ್ಪತ್ತನಾಲ್ಕು ಗಂಟೆಯ ಹಾಜರಿ ಪಟ್ಟಿಯನ್ನು ಬರೆಯಬೇಕು. ಯಾವ ಹೊತ್ತು, ಯಾವ ಕೆಲಸ, ಎಷ್ಟು ನಿಮಿಷ, ಯಾರು, ಅವರು ಬಾರದಿದ್ದರೆ ಯಾರು. ಹೀಗೆ ಐದು ಮನೆ. ಮೇಲೆ ಹೇಳಿದಂಥ ವಿದ್ಯಾರ್ಥಿಯದೊಂದು ಲೆಕ್ಕವನ್ನು ಉದಾಹರಣೆಗೆ ಹಾಕಿ ತೋರಿಸುತ್ತೇವೆ. ಬೆಳಗ್ಗೆ ಶೌಚ 30 ನಿಮಿಷ, ಸ್ನಾನ ಬಟ್ಟೆ 35, ತಿಂಡಿ 15, ಮೆಟ್ಟಿಲು ಇಳಿಸುವುದು 15, ಒಟ್ಟು 95. ಕಾಲೇಜಿನಲ್ಲಿ ಎರಡು ಸಲ ಮೂತ್ರಕ್ಕೆ 30, ಊಟಕ್ಕೆ 15, ಒಟ್ಟು 45. ಸಂಜೆ ಮೆಟ್ಟಿಲು ಹತ್ತಿಸುವುದು 15, ಕೈಕಾಲು ತೊಳೆದು ಬಟ್ಟೆ ಬದಲಿಸುವುದು 20, ಒಟ್ಟು 35. ರಾತ್ರಿ ಊಟ 15, ಮಲಗಿಸುವುದು 20, ಮೂರು ಸಲ ಮಗ್ಗುಲು ಬದಲಿಸಲು 15, ಒಟ್ಟು 50. ಎಲ್ಲ ಕೂಡಿಸಿದರೆ 225 ನಿಮಿಷ, ಅಂದರೆ ಮೂರೂಮುಕ್ಕಾಲು ಗಂಟೆ.

ಹಗಲಿರುಳೂ ಒಬ್ಬರು ಬೇಕು ಎಂದು ನಾವು ಹೆದರುತ್ತಿದ್ದ ಕೆಲಸ ಇಷ್ಟು! ಆ ತಾಯಿ ದಿನಕ್ಕೆ ಆರು ಗಂಟೆ ಬೆಂಚಿನ ಮೇಲೆ ಕುಳಿತದ್ದು 45 ನಿಮಿಷದ ಕೆಲಸಕ್ಕಾಗಿ. ಆ 45 ನಿಮಿಷವನ್ನು ಕಾಲೇಜಿನ ಒಬ್ಬ ಆಯಾ ಅಥವಾ ಜವಾನ ಸರಿಯಾದ ಸಂಬಳ ಪಡೆದು ಮಾಡಬಹುದಿತ್ತು. ಅದೇ ಕಾಲೇಜಿನಲ್ಲಿ ಇಂಥ ಮೂವರು ವಿದ್ಯಾರ್ಥಿಗಳಿದ್ದರೆ ಮೂವರೂ ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಎಲ್ಲರ ಪಟ್ಟಿಯೂ ಹೀಗೆಯೇ ಇರುವುದಿಲ್ಲ. ಕೆಲವರಿಗೆ ನಿಜವಾಗಿಯೂ ಹಗಲಿರುಳೂ ಒಬ್ಬರು ಪಕ್ಕದಲ್ಲಿರಬೇಕು. ಅದೂ ಬರೆದ ಮೇಲೆಯೇ ತಿಳಿಯುವುದು.

ಪಟ್ಟಿಯಲ್ಲಿರುವ ಕೆಲಸಗಳೆಲ್ಲ ಒಂದೇ ಬಗೆಯವಲ್ಲ. ಪುಸ್ತಕ ತೆಗೆದುಕೊಡುವುದು, ನೀರು ಕೊಡುವುದು, ಟಿಪ್ಪಣಿ ಬರೆದುಕೊಡುವುದು ಸಹಪಾಠಿಗಳು ನಗುನಗುತ್ತಾ ಮಾಡುವ ಕೆಲಸ. ಮೆಟ್ಟಿಲು ಇಳಿಸುವುದಕ್ಕೆ ಇಬ್ಬರು ಬಲವಾದವರು ಬೇಕು, ಒಬ್ಬರಿಂದ ಮಾಡಿಸಲೇಕೂಡದು. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ, ಎತ್ತುವ ಮೈಯನ್ನು ತಮ್ಮ ಮೈಗೆ ಹತ್ತಿರ ಹಿಡಿದು ಏಳಬೇಕು. ಸ್ನಾನ, ಶೌಚ, ಬಟ್ಟೆ ಇವು ಮಾನದ ಕೆಲಸಗಳು. ಇವನ್ನು ಸಂಬಳ ಪಡೆದು, ಕಲಿತು, ಹೊತ್ತಿಗೆ ಬರುವವರಿಂದಲೇ ಮಾಡಿಸಬೇಕು. ಹೆಣ್ಣುಮಕ್ಕಳಿಗೆ ಹೆಂಗಸರೇ ಆಗಬೇಕು. ತಿಂಗಳ ದಿನಗಳ ಲೆಕ್ಕವೂ ಪಟ್ಟಿಯಲ್ಲಿ ಇರಬೇಕು. ಗೆಳೆಯನಿಂದ ದಿನವೂ ಶೌಚದ ಕೆಲಸ ಮಾಡಿಸಿಕೊಂಡರೆ ಗೆಳೆತನಕ್ಕೆ ಹೊರೆ ಬೀಳುತ್ತದೆ. ಅವನು ಒಂದು ದಿನ ಮುಖ ಸಿಂಡರಿಸಿದರೂ ಇವನು ಮರುದಿನ ಕೇಳಲಾರ.

ಕೇಳಲಾರದೆ ಮಕ್ಕಳು ಏನು ಮಾಡುತ್ತಾರೆ ಗೊತ್ತೇ? ನೀರು ಕುಡಿಯುವುದನ್ನು ಬಿಡುತ್ತಾರೆ. ಬೆಳಗ್ಗೆ ಏಳರಿಂದ ಸಂಜೆ ಐದರವರೆಗೆ ಒಂದು ಗುಟುಕು ನೀರಿಲ್ಲ. ಮೂತ್ರಕ್ಕೆ ಯಾರನ್ನೂ ಕೇಳಬೇಕಾಗಬಾರದು, ಇಷ್ಟೇ ಕಾರಣ. ಇದರಿಂದ ಉರಿಮೂತ್ರ, ಸೋಂಕು, ಕಲ್ಲು, ಮಲಬದ್ಧತೆ ಬರುತ್ತವೆ. ಜಾಣ ಹುಡುಗಿ ತರಗತಿಗೆ ಬಾರದೆ ಜ್ವರದಲ್ಲಿ ಮಲಗಿದ್ದರೆ ಮೂಲ ಅಲ್ಲಿರಬಹುದು. ಇನ್ನೊಂದು ಹಾಸಿಗೆ ಹುಣ್ಣು. ಚರ್ಮದಲ್ಲಿ ಸ್ಪರ್ಶವಿಲ್ಲದವರು ಒಂದೇ ಸಮನೆ ಕುಳಿತರೆ ರಕ್ತಸಂಚಾರ ತಡೆದು ಚರ್ಮ ಕೊಳೆಯತೊಡಗುತ್ತದೆ. ನೋವಿಲ್ಲದ್ದರಿಂದ ತಿಳಿಯುವುದೇ ಇಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರು 15ರಿಂದ 30 ನಿಮಿಷಕ್ಕೊಮ್ಮೆ ಭಾರವನ್ನು ಬದಲಿಸಬೇಕು. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಸಾಮಾನ್ಯ ನಿಯಮ, ಹೆಚ್ಚುಕಡಿಮೆಯನ್ನು ವೈದ್ಯರು ಹೇಳುತ್ತಾರೆ. ಬೆಳಗ್ಗೆ, ರಾತ್ರಿ ಪೃಷ್ಠ, ಸೊಂಟ, ಹಿಮ್ಮಡಿಗಳನ್ನು ನೋಡಬೇಕು. ಒತ್ತಿದರೂ ಮಾಸದ ಕೆಂಪು ಅಥವಾ ಕಪ್ಪು ಕಲೆ ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು. ತಿಂಗಳುಗಟ್ಟಲೆ ಮಲಗಿಸುವ ಹುಣ್ಣು ಹೀಗೆಯೇ ಮೊದಲಾಗುತ್ತದೆ.

ಈಗ ತಾಯಂದಿರಿಗೆ ಒಂದು ಮಾತು. ಮುನಿಯಬಾರದು. ಮಗುವಿನ ಮುಖ ನೋಡಿಯೇ ಅದಕ್ಕೆ ಏನು ಬೇಕೆಂದು ನೀವು ತಿಳಿಯುತ್ತೀರಿ. ಅದು ಬಾಯಿ ಬಿಡಬೇಕಾಗಿಯೇ ಇಲ್ಲ. ಇದು ತಾಯ್ತನದ ಹಿರಿಮೆ. ಆದರೆ ಇದರಿಂದ ಮಗು ಹೇಳುವುದನ್ನು ಕಲಿಯುವುದಿಲ್ಲ. ನಾಳೆ ಹೊಸ ಸಹಾಯಕ ಬಂದು "ಹೇಗೆ ಎತ್ತಲಿ?" ಎಂದರೆ ಮಗನಿಗೆ ಉತ್ತರ ಬಾರದು. ಹನ್ನೆರಡು ಹದಿಮೂರರ ವಯಸ್ಸಿನಿಂದಲೇ ಅಭ್ಯಾಸ ಮಾಡಿಸಿ. ವಾರಕ್ಕೆ ಒಂದು ದಿನ ಚಿಕ್ಕಪ್ಪನೋ ಅಣ್ಣನೋ ಆ ಕೆಲಸ ಮಾಡಲಿ, ಮಗನೇ ಬಾಯಿಂದ ಹೇಳಿ ಮಾಡಿಸಲಿ: ಮೊದಲು ಗಾಲಿಯ ತಡೆ ಹಾಕು, ಎಡಗೈ ನನ್ನ ಬೆನ್ನ ಹಿಂದೆ, ಬಲಗೈ ಮೊಣಕಾಲ ಕೆಳಗೆ, ಮೂರು ಎಣಿಸಿ ಎತ್ತು. ಕೈಯಾಡದಿದ್ದರೂ ಹೀಗೆ ಹೇಳಬಲ್ಲವನು ತನ್ನ ಮೈಗೆ ತಾನೇ ಯಜಮಾನ. ಮಾತು ಸ್ಪಷ್ಟವಿಲ್ಲದ ಮಕ್ಕಳಿಗೆ ಅದನ್ನೇ ಒಂದು ರಟ್ಟಿನ ಮೇಲೆ ಬರೆದು, ಚಿತ್ರ ಹಾಕಿ ಕುರ್ಚಿಗೆ ತೂಗಹಾಕಬಹುದು.

ಸಹಾಯಕರ ವಿಷಯದಲ್ಲಿ ನಮ್ಮ ಜನರಿಗೂ ಒಂದು ಬಿನ್ನಹ. ಅವರಿಗೆ ಗೊತ್ತಾದ ಸಂಬಳ, ವಾರದ ರಜೆ, ಹೊತ್ತಿಗೆ ಚಹ ಇರಲಿ, ಬಹುವಚನದಲ್ಲಿ ಮಾತನಾಡಿಸಿ. ಮಾಡಬೇಕಾದ ಕೆಲಸವನ್ನು ಮೊದಲೇ ಬರೆದು ಇಬ್ಬರೂ ಓದಿರಲಿ. ಅದರ ಜೊತೆಗೆ ಎಚ್ಚರವೂ ಬೇಕು. ವಿದ್ಯಾರ್ಥಿಯ ಬ್ಯಾಂಕಿನ ಕಾರ್ಡು, ಗುಪ್ತಸಂಖ್ಯೆ ಸಹಾಯಕರ ಕೈಗೆ ಹೋಗಕೂಡದು. ಒರಟಾಗಿ ಹಿಡಿದರೆ, ಅಸಭ್ಯವಾಗಿ ಮುಟ್ಟಿದರೆ ಯಾರಿಗೆ ಹೇಳಬೇಕೆಂಬುದು ಮಗುವಿಗೆ ಗೊತ್ತಿರಬೇಕು. ಆ ವ್ಯಕ್ತಿ ಮನೆಯವರಲ್ಲದೆ ಹೊರಗಿನವರೂ ಒಬ್ಬರಿರಲಿ. ಹೇಳಿದರೆ ನಾಳೆ ಎತ್ತುವವರು ಯಾರು ಎಂಬ ಭಯದಿಂದ ಮಕ್ಕಳು ಬಾಯಿ ಮುಚ್ಚುತ್ತಾರೆ. ಬದಲಿಯವರು ಇದ್ದರೆ ಈ ಭಯವಿಲ್ಲ.

ಕಾನೂನಿನ ಮಾತು ಸಂಕ್ಷೇಪವಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲಿನಿಂದ ಜಾರಿಯಲ್ಲಿದೆ. ಸರ್ಕಾರದ ಹಣ ಅಥವಾ ಮನ್ನಣೆ ಪಡೆದ ವಿದ್ಯಾಸಂಸ್ಥೆಗಳು ವಿದ್ಯಾರ್ಥಿಯ ಅಗತ್ಯವನ್ನು ನೋಡಿ ತಕ್ಕ ಅನುಕೂಲವನ್ನೂ ನೆರವನ್ನೂ ಒದಗಿಸಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದವರಿಗೆ ಕನಿಷ್ಠ ಶೇಕಡಾ 5 ಸ್ಥಾನಗಳು ಮೀಸಲು. ನಿತ್ಯದ ಕೆಲಸಕ್ಕೇ ಹೆಚ್ಚಿನ ನೆರವು ಬೇಕಾದವರು ಅದಕ್ಕೆ ಅರ್ಜಿ ಹಾಕಲು 38ನೆಯ ಕಲಮಿನಲ್ಲಿ ಅವಕಾಶವಿದೆ. ಅಂಥವರ ಆರೈಕೆದಾರರ ಭತ್ಯೆಯ ಮಾತು 24ನೆಯ ಕಲಮಿನಲ್ಲಿದೆ. ಭತ್ಯೆ ಕೈಗೆ ಬರುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಮ್ಮಂಥ ಹೊರನಾಡಿನವರಿಗೆ ಮುಖ್ಯವಾದದ್ದು ಇನ್ನೊಂದಿದೆ: ಈ ಕಾಯ್ದೆಯಂತೆ ಪಡೆದ ಅಂಗವೈಕಲ್ಯದ ಪ್ರಮಾಣಪತ್ರ ದೇಶವಿಡೀ ನಡೆಯುತ್ತದೆ. ಧಾರವಾಡದಲ್ಲಿ, ಕಲಬುರಗಿಯಲ್ಲಿ ಪಡೆದುದನ್ನು ಇಲ್ಲಿ ನಡೆಯದೆಂದು ಯಾರಾದರೂ ಹಿಂದಿರುಗಿಸಿದರೆ ಒಪ್ಪಬೇಡಿ. ಅರ್ಜಿ ಬರೆದುಕೊಡಲು ನಾವಿದ್ದೇವೆ. ಗುಮಾಸ್ತರಿಗೆ ಬರುವ ವಿದ್ಯೆ ಅದೊಂದೇ.

ಕೊನೆಗೆ, ಸಂಘ ಏನು ಮಾಡಬಹುದು? ಕಟ್ಟಡ ಕಟ್ಟುವ ಮಾತು ನಾವು ಆಡುವುದಿಲ್ಲ. ವಾಚನಾಲಯದ ಮೇಜಿನ ಮೇಲೆ ಎರಡು ಪುಸ್ತಕ ಇಡೋಣ. ಒಂದರಲ್ಲಿ ಸಂಬಳಕ್ಕೆ ಈ ಕೆಲಸ ಮಾಡಲು ಒಪ್ಪುವ ಗಂಡಸರ, ಹೆಂಗಸರ ಹೆಸರು. ಬಲ್ಲವರು ವಿಚಾರಿಸಿದ ಮೇಲೆಯೇ ಬರೆಯುವುದು. ಇನ್ನೊಂದು ಬದಲಿಯವರ ಪುಸ್ತಕ. ತಿಂಗಳಿಗೆ ಎರಡು ಬೆಳಗು ಮೆಟ್ಟಿಲು ಇಳಿಸಲು ಬರಬಲ್ಲೆವು ಎನ್ನುವವರು ತಮ್ಮ ಪಾಳಿಯ ಹೊತ್ತನ್ನೂ ಸೇರಿಸಿ ಬರೆಯಲಿ. ಹದಿನೈದು ಜನ ತಿಂಗಳಿಗೆ ಎರಡು ಬೆಳಗು ಕೊಟ್ಟರೆ ಮೂವತ್ತು ಬೆಳಗಾಯಿತು. ಇಬ್ಬರಿಬ್ಬರು ಬೇಕಾದ್ದರಿಂದ ಹದಿನೈದು ದಿನಕ್ಕೆ ಸಾಕು. ಯಾವ ತಾಯಿ ಮಲಗಿದರೂ ಮಗನ ಓದು ಅಂದೇ ನಿಲ್ಲದು. ಅಷ್ಟರಲ್ಲಿ ಬೇರೆ ವ್ಯವಸ್ಥೆಗೆ ಬಿಡುವು ಸಿಕ್ಕುತ್ತದೆ. ಹಾಗೆಯೇ ನಮ್ಮ ವಾಚನಾಲಯದ ಬಾಗಿಲಲ್ಲಿರುವ ಎರಡು ಮೆಟ್ಟಿಲಿಗೆ ಹಲಗೆಯ ಇಳಿಜಾರು ಆಗಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಲೆಕ್ಕ. ನಮ್ಮ ಮೆಟ್ಟಿಲು ಎರಡೂ ಸೇರಿ ಒಂದು ಅಡಿ. ಪಡಸಾಲೆಯ ಮುಂದೆ ಹದಿನಾಲ್ಕು ಅಡಿ ಜಾಗವಿದೆ. ನಾವು ನಿನ್ನೆಯೇ ಅಳೆದು ನೋಡಿದ್ದೇವೆ.

ಹತ್ತು ಜನರ ಕಡ್ಡಿ ಒಬ್ಬನಿಗೆ ಹೊರೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಹೊರೆಯನ್ನು ಮತ್ತೆ ಹತ್ತು ಕಡ್ಡಿಯಾಗಿ ಬಿಡಿಸುವುದೂ ನಮ್ಮ ಕೈಯಲ್ಲೇ ಇದೆ. ಬದಲಿಯವರ ಪುಸ್ತಕವನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ, ಪಕ್ಕದಲ್ಲಿ ಲೇಖನಿಯೂ ಇದೆ. ಮನೆಗೆ ಹೋಗುವಾಗ ನೋಡಿ ಹೋಗಬೇಕೆಂದು ಕೇಳಿಕೊಳ್ಳುತ್ತೇವೆ.